ತಾಮ್ರ ಇಳಿಸುವ ಗುಳಿಗೆ: ವಿಲ್ಸನ್ ಕಾಯಿಲೆಯ ಔಷಧ ಪರೀಕ್ಷೆಗಳಿಂದ ಕಲಿತ ಹತ್ತು ಪಾಠಗಳು

ಮಿದುಳನ್ನು ಕಾಡುವ ಆನುವಂಶಿಕ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಇಂದಿಗೂ ರೋಗವನ್ನು ತಡೆದು ನಿಲ್ಲಿಸುವ ಔಷಧವಿಲ್ಲ. ವಿಲ್ಸನ್ ಕಾಯಿಲೆಗೆ ಇದೆ. ನಾವು ತಿನ್ನುವ ಆಹಾರದಲ್ಲಿ ತಾಮ್ರವಿರುತ್ತದೆ. ದೇಹಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ. ಆ ಕೆಲಸ ಮಾಡಿಸುವ ಎಟಿಪಿ7ಬಿ ಎಂಬ ಜೀನ್ 13ನೇ ವರ್ಣತಂತುವಿನಲ್ಲಿದೆ. ಅದು ಪತ್ತೆಯಾದದ್ದು 1993ರಲ್ಲಿ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದ ಮಗುವಿನಲ್ಲಿ ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮಿದುಳಿನಲ್ಲಿ ಸೇರಿಕೊಳ್ಳುತ್ತ ಹೋಗುತ್ತದೆ. ಕೈ ನಡುಗುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈಕಾಲು ಸೆಟೆದು ತಿರುಚುತ್ತವೆ. 1912ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನ್ನಿಯರ್ ವಿಲ್ಸನ್ ಇದನ್ನು ವಿವರಿಸಿದಾಗ ಇದು ಬಂದವರನ್ನು ಬಿಡದ ರೋಗವಾಗಿತ್ತು. ಇಂದು ಬೇಗ ಗುರುತಿಸಿ, ಬಿಡದೆ ಗುಳಿಗೆ ಕೊಟ್ಟರೆ ಈ ಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗಿ ಮಕ್ಕಳನ್ನು ಹೆರುತ್ತಾರೆ.

ನಾನು ಗೋವಾದಲ್ಲಿ ನರರೋಗಗಳ ವೈದ್ಯ. ನನ್ನ ಹತ್ತಿರ ಬರುವ ಈ ಕಾಯಿಲೆಯವರಲ್ಲಿ ಇಲ್ಲಿಯ ಕೊಂಕಣಿ ಮನೆಗಳವರಿದ್ದಾರೆ. ವಾಸ್ಕೋ, ಝುವಾರಿನಗರ, ಮಡಗಾಂವ್, ಮಾಪ್ಸಾಗಳಲ್ಲಿ ದುಡಿಯಲು ಬಂದು ನೆಲೆಸಿದ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಯ ಕನ್ನಡದ ಮನೆಗಳವರೂ ಇದ್ದಾರೆ. ಇವರಲ್ಲಿ ಕೆಲವರ ಫೈಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುತ್ತದೆ. ವಾಸ್ಕೋ–ಯಶವಂತಪುರ ರೈಲಿನಲ್ಲಿ ಹೋಗಿ ತೋರಿಸಿಕೊಂಡು ಬರುತ್ತಾರೆ. ಈ ಕಾಯಿಲೆಯ ಔಷಧಗಳನ್ನು ಹೇಗೆ ಪರೀಕ್ಷಿಸಿದರು, ಇನ್ನು ಹೇಗೆ ಪರೀಕ್ಷಿಸಬೇಕು ಎಂಬುದರ ಬಗ್ಗೆ ಓದಿನಿಂದಲೂ ರೋಗಿಗಳ ಪಕ್ಕದಲ್ಲಿ ಕೂತು ನೋಡಿದ್ದರಿಂದಲೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲ ಪಾಠಗಳ ತಿರುಳು ಒಂದೇ: ಅಪರೂಪದ ಕಾಯಿಲೆಯಲ್ಲಿ ರೋಗಿಗಳು ಕೆಲವೇ ಮಂದಿ. ಆದ್ದರಿಂದ ಪ್ರತಿಯೊಬ್ಬರನ್ನೂ ಸರಿಯಾಗಿ ಗುರುತಿಸಿ, ಸರಿಯಾಗಿ ಅಳೆದು, ವರ್ಷಗಟ್ಟಲೆ ಕೈಬಿಡದೆ ನೋಡಿಕೊಂಡರೆ ಮಾತ್ರ ಔಷಧದ ಬಗ್ಗೆ ನಿಜ ತಿಳಿಯುತ್ತದೆ.

1. ಮೊದಲು ರೋಗ ಖಚಿತವಾಗಲಿ

ಬೇರೆ ಕಾಯಿಲೆಯವರು ಪರೀಕ್ಷೆಯ ಗುಂಪಿನೊಳಗೆ ಸೇರಿಕೊಂಡರೆ ಎಂಥ ಒಳ್ಳೆಯ ಔಷಧವೂ ಸೋತಂತೆ ಕಾಣುತ್ತದೆ. ವಿಲ್ಸನ್ ಕಾಯಿಲೆ ಹಲವು ವೇಷಗಳಲ್ಲಿ ಬರುತ್ತದೆ. ಗೋವಾದಲ್ಲಿ ಯುವಕನೊಬ್ಬ ತೊದಲುತ್ತ, ವಾಲಾಡುತ್ತ ನಡೆದರೆ ಜನ ಮೊದಲು ಹೇಳುವುದು ಕುಡಿದಿದ್ದಾನೆ ಎಂದು. "ನನ್ನ ಮಗ ಒಂದ್ ಹನಿ ಮುಟ್ಟಿದವನಲ್ರೀ ಸಾಹೇಬ್ರ, ಆದ್ರ ಮಂದಿ ನಂಬಂಗಿಲ್ಲ" ಎಂದು ತಾಯಂದಿರು ಹೇಳುವುದನ್ನು ಕೇಳಿದ್ದೇನೆ. ಶಾಲೆಯಲ್ಲಿ ಅಕ್ಷರ ಕೆಟ್ಟಿತೆಂದು ಏಟು ತಿಂದ ಹುಡುಗಿಯರಿದ್ದಾರೆ. ಕಾಮಾಲೆ ಎಂದು ನಾಟಿ ಔಷಧ ಕುಡಿದವರಿದ್ದಾರೆ. ಸಿಟ್ಟು, ಅಳು, ಮಂಕುತನ ಕಂಡು ದೇವರು ಕೇಳಿಸಿದ ಮನೆಗಳಿವೆ.

ಖಚಿತಪಡಿಸುವ ದಾರಿ ಕಷ್ಟದ್ದಲ್ಲ. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರೆ ಕಾರ್ನಿಯದ ಅಂಚಿನಲ್ಲಿ ತಾಮ್ರದ ಹಸಿರುಕಂದು ಬಳೆ ಕಾಣುತ್ತದೆ; ಕೈಸರ್–ಫ್ಲೈಷರ್ ಬಳೆ ಎಂದು ಅದರ ಹೆಸರು. ಮಿದುಳಿನ ಲಕ್ಷಣಗಳಿರುವ ಹೆಚ್ಚಿನವರಲ್ಲಿ ಇದು ಇದ್ದೇ ಇರುತ್ತದೆ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್ ಪ್ರತಿ ಡೆಸಿಲೀಟರಿಗೆ 20 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಅನುಮಾನ ಬಲವಾಗುತ್ತದೆ. ರೋಗಲಕ್ಷಣವಿರುವವರಲ್ಲಿ 24 ಗಂಟೆಯ ಮೂತ್ರದಲ್ಲಿ ತಾಮ್ರ 100 ಮೈಕ್ರೋಗ್ರಾಂ ದಾಟಿರುವುದು ದೊಡ್ಡ ಸುಳಿವು. ಇವನ್ನೆಲ್ಲ ಕೂಡಿಸಿ ಅಂಕ ಕೊಡುವ ಪದ್ಧತಿಯೊಂದನ್ನು 2001ರಲ್ಲಿ ಜರ್ಮನಿಯ ಲೈಪ್‌ಜಿಗ್ ಸಮ್ಮೇಳನದಲ್ಲಿ ರೂಪಿಸಿದರು. ಈಗ ಜಗತ್ತಿನೆಲ್ಲೆಡೆ ಅದೇ ಬಳಕೆಯಲ್ಲಿದೆ.

ಆದರೆ 24 ಗಂಟೆಯ ಮೂತ್ರ ಹಿಡಿಯುವುದೆಂದರೆ ಒಂದೇ ಕೋಣೆಯ ಮನೆಯಲ್ಲಿ, ಸಾರ್ವಜನಿಕ ಶೌಚಾಲಯ ಬಳಸುವವರಿಗೆ, ಪಾಳಿಯಲ್ಲಿ ದುಡಿಯುವವರಿಗೆ ಸುಲಭವಲ್ಲ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಒಂದು ಹನಿಯೂ ಬಿಡದೆ ತಾಮ್ರದ ಸೋಂಕಿಲ್ಲದ ಕ್ಯಾನಿನಲ್ಲಿ ಕೂಡಿಸಬೇಕು. ಇದನ್ನು ಕಾಗದದಲ್ಲಿ ಬರೆದುಕೊಟ್ಟರೆ ಸಾಲದು. ಕ್ಯಾನು ಕೈಯಲ್ಲಿ ಹಿಡಿದು, ರಜೆಯ ದಿನವನ್ನು ಗೊತ್ತುಮಾಡಿ, ತಾಯಿಗೂ ಮಗನಿಗೂ ತಿಳಿಸಿ ಹೇಳಬೇಕು.

2. ಏನನ್ನು ಅಳೆಯುತ್ತೇವೆ ಎಂಬುದು ಔಷಧದಷ್ಟೇ ಮುಖ್ಯ

ರಕ್ತದ ಸಂಖ್ಯೆ ಸುಧಾರಿಸಿದ ಮಾತ್ರಕ್ಕೆ ರೋಗಿ ಸುಧಾರಿಸಿದನೆಂದು ಹೇಳುವಂತಿಲ್ಲ. ಮಿದುಳಿನ ಇನ್ನೊಂದು ಆನುವಂಶಿಕ ರೋಗವಾದ ಹಂಟಿಂಗ್ಟನ್ ಕಾಯಿಲೆ ಇದನ್ನು ಜಗತ್ತಿಗೇ ಕಲಿಸಿತು. ಆ ಕಾಯಿಲೆಯಲ್ಲಿ ಕೆಡುಕು ಮಾಡುವ ಪ್ರೋಟೀನನ್ನು ತಗ್ಗಿಸುವ ಟೊಮಿನರ್ಸೆನ್ ಎಂಬ ಔಷಧವನ್ನು ಬೆನ್ನುಹುರಿಯ ದ್ರವದೊಳಗೆ ಚುಚ್ಚಿ ಪರೀಕ್ಷಿಸಿದರು. 791 ಜನ ಪಾಲ್ಗೊಂಡಿದ್ದರು. ಮೊದಲ ಹಂತದ ಅಧ್ಯಯನದಲ್ಲಿ ಪ್ರೋಟೀನ್ ಇಳಿದಿತ್ತು, ಎಲ್ಲರಲ್ಲೂ ಆಸೆ ಹುಟ್ಟಿತ್ತು. ದೊಡ್ಡ ಪರೀಕ್ಷೆಯಲ್ಲಿ ರೋಗಿಗಳಿಗೆ ಲಾಭ ಕಾಣದೆ 2021ರ ಮಾರ್ಚಿನಲ್ಲಿ ಔಷಧ ಕೊಡುವುದನ್ನೇ ನಿಲ್ಲಿಸಬೇಕಾಯಿತು.

ವಿಲ್ಸನ್ ಕಾಯಿಲೆಯಲ್ಲೂ ಅಂಥದೇ ಒಂದು ಅನುಭವವಾಯಿತು. ಎಎಲ್‌ಎಕ್ಸ್‌ಎನ್1840 ಎಂಬ ಹೊಸ ಔಷಧ ದೇಹದಲ್ಲಿ ಕೂತ ತಾಮ್ರವನ್ನು ಕದಲಿಸುವ ತನ್ನ ಮುಖ್ಯ ಗುರಿಯನ್ನು ಮುಟ್ಟಿತೆಂದು 2021ರ ಆಗಸ್ಟಿನಲ್ಲಿ ಕಂಪನಿ ಪ್ರಕಟಿಸಿತು. 2023ರಲ್ಲಿ ಅದೇ ಕಂಪನಿ ಆ ಕೆಲಸವನ್ನು ಕೈಬಿಟ್ಟಿತು. ಕಾದು ಕೂತಿದ್ದ ಮನೆಗಳಿಗೆ ಅದು ದೊಡ್ಡ ನಿರಾಸೆ.

ಹಾಗಾಗಿ ರೋಗಿಯ ಬದುಕನ್ನೇ ಅಳೆಯುವ ಅಳತೆಗೋಲು ಬೇಕು. ಅಂಥದೊಂದನ್ನು ನಮ್ಮ ದೇಶದವರೇ ಮಾಡಿದ್ದಾರೆ. ಮುಂಬಯಿಯ ಅನ್ನು ಅಗರವಾಲ್, ಮೋಹಿತ್ ಭಟ್ ಮತ್ತು ಸಂಗಡಿಗರು ವಿಲ್ಸನ್ ಕಾಯಿಲೆಗೆಂದೇ ರೂಪಿಸಿದ ಸಮಗ್ರ ಮೌಲ್ಯಮಾಪನ ಮಾಪಕ 2009ರಲ್ಲಿ ಪ್ರಕಟವಾಯಿತು. ಯಕೃತ್ತು, ಮನಸ್ಸು, ನರ, ಮೂಳೆ ಇವೆಲ್ಲವನ್ನೂ ಅದು ಒಟ್ಟಿಗೆ ನೋಡುತ್ತದೆ. ಅದರ ಜೊತೆಗೆ ನಾನು ಪ್ರತಿ ಭೇಟಿಯಲ್ಲೂ ಒಂದೇ ಕೆಲಸಗಳನ್ನು ಮಾಡಿಸಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತೇನೆ: ಹೆಸರು ಬರೆಯುವುದು, ಅಂಗಿ ಗುಂಡಿ ಹಾಕುವುದು, ತುಂಬಿದ ಲೋಟ ಎತ್ತಿ ಕುಡಿಯುವುದು, ಒಂದರಿಂದ ಇಪ್ಪತ್ತು ಎಣಿಸುವುದು. ಆರು ತಿಂಗಳ ಹಿಂದಿನ ವಿಡಿಯೊ ಪಕ್ಕದಲ್ಲಿಟ್ಟು ನೋಡಿದಾಗ ಔಷಧ ಏನು ಮಾಡುತ್ತಿದೆ ಎಂಬುದು ಮನೆಯವರಿಗೂ ಕಾಣುತ್ತದೆ, ವೈದ್ಯನಿಗೂ ಕಾಣುತ್ತದೆ.

3. ಮೊದಲ ಗುಳಿಗೆ ಸಣ್ಣದಿರಲಿ

ಈ ಕಾಯಿಲೆಗೆ ಮೊದಲು ಸಿಕ್ಕ ಚಿಕಿತ್ಸೆ ಬಿಎಎಲ್ ಎಂಬ ನೋವಿನ ಚುಚ್ಚುಮದ್ದು. 1951ರ ಸುಮಾರಿಗೆ ಅದು ಬಳಕೆಗೆ ಬಂತು. ಬಾಯಿಂದ ನುಂಗುವ ಮೊದಲ ಔಷಧ ತಂದವರು ಇಂಗ್ಲೆಂಡಿನ ಜಾನ್ ವಾಲ್ಶ್. ಬಾಸ್ಟನ್ನಿನಲ್ಲಿದ್ದಾಗ ಪೆನಿಸಿಲಮೈನ್ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕಬಲ್ಲದೆಂದು ಅವರಿಗೆ ಹೊಳೆಯಿತು. ರೋಗಿಗೆ ಕೊಡುವ ಮೊದಲು ಅದನ್ನು ತಾವೇ ನುಂಗಿ ನೋಡಿದರು. 1956ರಲ್ಲಿ ಅವರ ವರದಿ ಪ್ರಕಟವಾಯಿತು. ಸಾವಿರಾರು ಜೀವಗಳು ಅದರಿಂದ ಉಳಿದಿವೆ.

ಆದರೂ ಈ ಔಷಧ ಶುರುಮಾಡಿದ ಮೊದಲ ವಾರಗಳಲ್ಲಿ ಮಿದುಳಿನ ಲಕ್ಷಣವಿರುವ ಕೆಲವರ ಸ್ಥಿತಿ ಇದ್ದಕ್ಕಿಂತ ಬಿಗಡಾಯಿಸುತ್ತದೆ. ಹೂಳು ತುಂಬಿದ ಬಾವಿಯನ್ನು ಒಮ್ಮೆಗೇ ಕಲಕಿದರೆ ನೀರೆಲ್ಲ ರಾಡಿಯಾಗುವ ಹಾಗೆ, ಯಕೃತ್ತಿನಲ್ಲಿದ್ದ ತಾಮ್ರ ರಭಸದಿಂದ ಎದ್ದು ರಕ್ತ ಸೇರುವುದು ಇದಕ್ಕೆ ಕಾರಣವಿರಬಹುದೆಂದು ತಜ್ಞರು ಎಣಿಸುತ್ತಾರೆ. ನಡೆದುಕೊಂಡು ಬಂದವನು ಹಾಸಿಗೆ ಹಿಡಿದರೆ ಮನೆಯವರಿಗೆ ಔಷಧದ ಮೇಲೂ ವೈದ್ಯರ ಮೇಲೂ ನಂಬಿಕೆ ಹೋಗುತ್ತದೆ. ಅದಕ್ಕೇ ದಿನಕ್ಕೆ 125ರಿಂದ 250 ಮಿ.ಗ್ರಾಂನಂಥ ಸಣ್ಣ ಪ್ರಮಾಣದಿಂದ ಶುರುಮಾಡಿ, ವಾರಗಳ ಅಂತರದಲ್ಲಿ ಮೆಲ್ಲಗೆ ಏರಿಸುತ್ತೇವೆ. ಜೊತೆಗೆ ಪಿರಿಡಾಕ್ಸಿನ್ ಕೊಡುತ್ತೇವೆ. ಜ್ವರ, ಗಂದೆ, ಮೂತ್ರದಲ್ಲಿ ಪ್ರೋಟೀನ್, ರಕ್ತಕಣಗಳ ಇಳಿಕೆ ಇವನ್ನು ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ನೋಡುತ್ತೇವೆ.

ಔಷಧದಿಂದಾದ ಕೆಡುಕು ಯಾವುದು, ರೋಗದ ಸಹಜ ನಡೆ ಯಾವುದು ಎಂದು ಬೇರೆಮಾಡಿ ತೋರಿಸುವುದೇ ಒಳ್ಳೆಯ ಪರೀಕ್ಷೆಯ ಕೆಲಸ. ಅಮೆರಿಕದ ಮಿಷಿಗನ್ನಿನ ಜಾರ್ಜ್ ಬ್ರೂಯರ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮಾದರಿ. ನರಲಕ್ಷಣವಿದ್ದ 48 ರೋಗಿಗಳಿಗೆ ಚೀಟಿ ಎತ್ತಿದಂತೆ ತಾಮ್ರ ಇಳಿಸುವ ಎರಡು ಔಷಧಗಳಲ್ಲಿ ಒಂದನ್ನು ಕೊಟ್ಟರು. ಟ್ರಯೆಂಟಿನ್ ಪಡೆದ 23 ಜನರಲ್ಲಿ 6 ಮಂದಿ ಬಿಗಡಾಯಿಸಿದರು. ಟೆಟ್ರಾಥಯೋಮಾಲಿಬ್ಡೇಟ್ ಪಡೆದ 25 ಜನರಲ್ಲಿ ಒಬ್ಬರು ಮಾತ್ರ. ಕೇಳಿದ ಪ್ರಶ್ನೆ ಸ್ಪಷ್ಟವಾಗಿದ್ದರೆ ಅಷ್ಟು ಸಣ್ಣ ಗುಂಪಿನಿಂದಲೂ ಉತ್ತರ ಸಿಗುತ್ತದೆ.

4. ಚಿಕಿತ್ಸೆಯಿರುವ ಕಾಯಿಲೆಯಲ್ಲಿ ಹುಸಿ ಗುಳಿಗೆಗೆ ಜಾಗವಿಲ್ಲ

ಹೊಸ ಔಷಧವನ್ನು ಪ್ಲಸಿಬೊ, ಅಂದರೆ ಔಷಧವಿಲ್ಲದ ಹುಸಿ ಗುಳಿಗೆಯ ಜೊತೆ ಹೋಲಿಸುವುದು ವೈದ್ಯವಿಜ್ಞಾನದಲ್ಲಿ ರೂಢಿ. ಮೂಲಕ್ಕೆ ತಟ್ಟುವ ಔಷಧವೇ ಇಲ್ಲದ ಹಂಟಿಂಗ್ಟನ್‌ನಂಥ ಕಾಯಿಲೆಯಲ್ಲಿ ಅದು ನ್ಯಾಯವಾಗಬಹುದು. ವಿಲ್ಸನ್ ಕಾಯಿಲೆಯಲ್ಲಿ ಅದು ಆಗದು. ಅಮೆರಿಕದ ಶೀನ್‌ಬರ್ಗ್ ತಂಡ 1987ರಲ್ಲಿ ವರದಿ ಮಾಡಿದಂತೆ, ಪೆನಿಸಿಲಮೈನನ್ನು ತಾವಾಗಿಯೇ ಬಿಟ್ಟ 11 ಜನರಲ್ಲಿ 8 ಮಂದಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಗುಳಿಗೆ ನಿಂತರೆ ತಾಮ್ರ ಮತ್ತೆ ಏರುತ್ತದೆ. ಹಲವರಲ್ಲಿ ಯಕೃತ್ತು ಒಮ್ಮೆಲೇ ಕೈಕೊಡುತ್ತದೆ.

ಆದ್ದರಿಂದ ಹೊಸ ಔಷಧವನ್ನು ಹಳೆಯ ಔಷಧದ ಜೊತೆಯೇ ತೂಗಬೇಕು. ಹೊಸದು ಹಳೆಯದಕ್ಕಿಂತ ಕೀಳಲ್ಲ ಎಂದು ತೋರಿಸಿದರೂ ಸಾಕು. ಟ್ರಯೆಂಟಿನ್‌ನ ಹೊಸ ರೂಪವೊಂದನ್ನು ಹೀಗೆಯೇ ಪರೀಕ್ಷಿಸಿದರು. ಆಗಲೇ ಪೆನಿಸಿಲಮೈನ್ ಮೇಲೆ ಸ್ಥಿರವಾಗಿದ್ದ 53 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳೆಯದನ್ನೇ ಮುಂದುವರಿಸಿ, ಇನ್ನೊಂದಕ್ಕೆ ಹೊಸದನ್ನು ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು: ಹೊಸದು ಹಳೆಯದಕ್ಕೆ ಸಮನಾಗಿ ನಿಂತಿತು. ಆ ಪರೀಕ್ಷೆಯುದ್ದಕ್ಕೂ ಯಾರೊಬ್ಬರೂ ಚಿಕಿತ್ಸೆಯಿಲ್ಲದೆ ಇರಲಿಲ್ಲ. ಯಾರಾದರೂ ನಿಮ್ಮ ಮಗುವನ್ನು ಪರೀಕ್ಷೆಗೆ ಸೇರಿಸುತ್ತೇವೆಂದರೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಹೊಸದು ಸಿಗದ ಗುಂಪಿಗೆ ಏನು ಕೊಡುತ್ತೀರಿ?

5. ಸಣ್ಣ ಸಂಖ್ಯೆಗೆ ದೀರ್ಘ ತಾಳ್ಮೆಯೇ ಉತ್ತರ

ಸುಮಾರು 30,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಎಂಬುದು ಸಾಮಾನ್ಯ ಲೆಕ್ಕ. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ. ಭಾಗಿಸಿದರೆ ಇಡೀ ರಾಜ್ಯದಲ್ಲಿ ಐವತ್ತರ ಆಸುಪಾಸು. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಕಾಯಿಲೆಯ ಹೆಸರೇ ತಿಳಿದಿರಲಿಕ್ಕಿಲ್ಲ. ಒಂದೇ ಊರಿನಲ್ಲಿ, ಒಂದೇ ಆಸ್ಪತ್ರೆಯಲ್ಲಿ ದೊಡ್ಡ ಪರೀಕ್ಷೆ ನಡೆಸುವುದು ಆಗದ ಮಾತು.

ಇದಕ್ಕೆ ದಾರಿ ತೋರಿಸಿದವರು ನಮ್ಮ ಹಿರಿಯರು. 1968ರಲ್ಲಿ ಮುಂಬಯಿಯ ದಸ್ತೂರ್, ಮಾಂಘಾನಿ, ವಾಡಿಯಾ ಅವರು ಭಾರತದ 16 ಕುಟುಂಬಗಳ ವಿಲ್ಸನ್ ಕಾಯಿಲೆಯನ್ನು ವಿವರವಾಗಿ ದಾಖಲಿಸಿದರು. 2007ರಲ್ಲಿ ನಿಮ್ಹಾನ್ಸ್‌ನ ಅರುಣ್ ತಾಲಿ ಮತ್ತು ಸಂಗಡಿಗರು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವರದಿ ಪ್ರಕಟಿಸಿದರು. ಅವರಲ್ಲಿ ಸುಮಾರು ಶೇ 69 ಜನರಿಗೆ ಮುಖ್ಯವಾಗಿ ನರಲಕ್ಷಣಗಳಿದ್ದವು. ಅರ್ಧಕ್ಕಿಂತ ಹೆಚ್ಚು ಜನರ ತಂದೆ ತಾಯಿ ರಕ್ತಸಂಬಂಧದಲ್ಲೇ ಮದುವೆಯಾದವರು. ಆ 282ರ ಹಿಂದೆ ಮೂವತ್ತು ವರ್ಷ ಕಾಪಾಡಿದ ಫೈಲುಗಳಿವೆ, ಓ.ಪಿ.ಡಿ. ಗದ್ದಲದಲ್ಲೂ ಒಂದೇ ಕ್ರಮದಲ್ಲಿ ಬರೆದಿಟ್ಟ ವೈದ್ಯರಿದ್ದಾರೆ, ದೂರದೂರುಗಳಿಂದ ಮತ್ತೆ ಮತ್ತೆ ಬಂದ ಕುಟುಂಬಗಳಿವೆ. ಔಷಧದ ಬಗ್ಗೆ ಮುಂದೆ ಕೇಳಿದ ಪ್ರಶ್ನೆಗಳೆಲ್ಲ ಈ ದಾಖಲೆಯ ಮೇಲೆಯೇ ನಿಂತಿವೆ.

ಗೋವಾ, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಬೆಂಗಳೂರು ಎಲ್ಲೇ ನೋಡಿದರೂ ಒಂದೇ ನಮೂನೆಯಲ್ಲಿ ಬರೆದಿಟ್ಟರೆ ನಾಳೆ ಅವೆಲ್ಲ ಕೂಡಿ ದೊಡ್ಡ ಉತ್ತರವಾಗುತ್ತವೆ. ನಾನು ಪ್ರತಿ ಮನೆಗೂ ಒಂದು ದಪ್ಪ ನೋಟುಬುಕ್ಕು ಇಟ್ಟುಕೊಳ್ಳಲು ಹೇಳುತ್ತೇನೆ. ಗುಳಿಗೆಯ ಪ್ರಮಾಣ, ಮೂತ್ರದ ತಾಮ್ರ, ತೂಕ, ಬದಲಾದ ಲಕ್ಷಣ ಎಲ್ಲವೂ ಅದರಲ್ಲಿ ತಾರೀಖಿನ ಸಮೇತ ಇರಬೇಕು. ಆಸ್ಪತ್ರೆ ಬದಲಾದರೂ ಪುಸ್ತಕ ಮನೆಯಲ್ಲಿರುತ್ತದೆ.

6. ಅಗ್ಗದ ಔಷಧಕ್ಕೂ ಪರೀಕ್ಷೆಯ ಗೌರವ ಸಿಗಬೇಕು

ಲಾಭ ತರದ ಔಷಧವನ್ನು ಪರೀಕ್ಷಿಸಲು ಕಂಪನಿಗಳು ಮುಂದೆ ಬರುವುದಿಲ್ಲ. ಸತುವಿನ ಕತೆ ಅದೇ. ಸತುವಿನ ಲವಣ ಕರುಳಿನ ಜೀವಕೋಶಗಳಲ್ಲಿ ಮೆಟಲೋಥಯೋನಿನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಆಹಾರದ ತಾಮ್ರ ಅದಕ್ಕೆ ಅಂಟಿಕೊಂಡು, ಕೋಶ ಉದುರಿದಾಗ ಮಲದಲ್ಲಿ ಹೋಗಿಬಿಡುತ್ತದೆ. 1961ರಲ್ಲಿ ನೆದರ್ಲೆಂಡ್ಸಿನ ಸ್ಖೌವಿಂಕ್ ಇದನ್ನು ಮೊದಲು ಬಳಸಿದರು. ಅಮೆರಿಕದಲ್ಲಿ ಸತುವಿನ ಅಸಿಟೇಟಿಗೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ನಡುವೆ 36 ವರ್ಷ ಕಳೆದವು.

ನಮ್ಮ ಬಡ ಕುಟುಂಬಗಳಿಗೆ ಹೆಚ್ಚು ಉಪಕಾರವಾದ ಪರೀಕ್ಷೆಯೊಂದನ್ನು ಮಾಡಿದ್ದು ನಿಮ್ಹಾನ್ಸ್. ಪೆನಿಸಿಲಮೈನ್ ಮತ್ತು ಸತುವಿನ ಸಲ್ಫೇಟ್ ಎರಡನ್ನೂ ತೆಗೆದುಕೊಂಡು ಸ್ಥಿರವಾದವರಲ್ಲಿ ಪೆನಿಸಿಲಮೈನನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿ, ಸತು ಒಂದರ ಮೇಲೆಯೇ ಇರಿಸಬಹುದೇ ಎಂದು ಸಂಜೀಬ್ ಸಿನ್ಹಾ ಮತ್ತು ತಾಲಿ ಕೇಳಿದರು. 45 ರೋಗಿಗಳನ್ನು ಎರಡು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದರು. ಬಹುತೇಕ ಎಲ್ಲರೂ ಸ್ಥಿರವಾಗಿಯೇ ಉಳಿದರು. 2008ರಲ್ಲಿ ಪ್ರಕಟವಾದ ಆ ಲೇಖನದ ತಲೆಬರಹದಲ್ಲೇ ಆಶಾದಾಯಕ, ಸುರಕ್ಷಿತ, ಅಗ್ಗ ಎಂಬ ಮೂರು ಮಾತುಗಳಿವೆ. ಜೀವನಪೂರ್ತಿ ಔಷಧ ಬೇಕಾದ ಮನೆಗೆ ಈ ಮೂರೂ ಒಟ್ಟಿಗೆ ಬೇಕು.

ಇದರ ಎದುರಿಗೆ ಇನ್ನೊಂದು ಲೆಕ್ಕ ಇಡುತ್ತೇನೆ. ಅಮೆರಿಕದಲ್ಲಿ ಟ್ರಯೆಂಟಿನ್‌ನ 100 ಗುಳಿಗೆಗಳ ಬೆಲೆ 2010ರಲ್ಲಿ 652 ಡಾಲರ್ ಇದ್ದದ್ದು 2015ರ ಹೊತ್ತಿಗೆ 21,267 ಡಾಲರಿಗೆ ಏರಿತು. ಔಷಧ ಅದೇ, ಕಾಯಿಲೆ ಅದೇ. ಹಾಗಾಗಿ ಅಗ್ಗದ ಔಷಧಗಳ ಪರೀಕ್ಷೆಗೆ ಸರ್ಕಾರದ ಸಂಸ್ಥೆಗಳೇ ಹಣ ಹಾಕಬೇಕು, ವೈದ್ಯಕೀಯ ಕಾಲೇಜುಗಳೇ ಕೈಹಾಕಬೇಕು. ಒಂದು ಎಚ್ಚರವೂ ಬೇಕು: ಸತು ನಿಧಾನವಾಗಿ ಕೆಲಸ ಮಾಡುತ್ತದೆ. ಲಕ್ಷಣಗಳು ಜೋರಾಗಿರುವಾಗ ಅದೊಂದನ್ನೇ ನೆಚ್ಚುವಂತಿಲ್ಲ. ವೈದ್ಯರನ್ನು ಕೇಳದೆ ಯಾರೂ ಪೆನಿಸಿಲಮೈನ್ ಬಿಟ್ಟು ಸತುವಿಗೆ ಹೋಗಬಾರದು.

7. ಒಪ್ಪಿಗೆ ಮನೆಮಾತಿನಲ್ಲಿ ಆಗಬೇಕು

ಭಾರತದಲ್ಲಿ ಔಷಧ ಪರೀಕ್ಷೆಗೆ ಗಟ್ಟಿಯಾದ ಕಾನೂನಿದೆ. 2007ರಲ್ಲಿ ಶುರುವಾದ ರಾಷ್ಟ್ರೀಯ ನೋಂದಣಿ ಪಟ್ಟಿಯಲ್ಲಿ ಪರೀಕ್ಷೆಗಳನ್ನು ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯ. ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳ ಪ್ರಕಾರ, ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಹೊಸ ರಾಸಾಯನಿಕವನ್ನು ದುರ್ಬಲ ವರ್ಗದವರ ಮೇಲೆ ಪರೀಕ್ಷಿಸುವಾಗ ಒಪ್ಪಿಗೆ ಪಡೆಯುವುದನ್ನು ಧ್ವನಿ ಮತ್ತು ದೃಶ್ಯ ಸಮೇತ ದಾಖಲಿಸಬೇಕು. ಏಳು ವರ್ಷ ದಾಟಿದ ಮಕ್ಕಳಿಗೆ ಅವರಿಗೆ ತಿಳಿಯುವ ಹಾಗೆ ಹೇಳಿ ಅವರ ಸಮ್ಮತಿಯನ್ನೂ ಕೇಳಬೇಕೆಂದು ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿ ಹೇಳುತ್ತದೆ.

ಕಾನೂನು ಇದ್ದರೂ ಮಾತು ಮುಟ್ಟದಿದ್ದರೆ ಏನೂ ಆಗದು. ವಾಸ್ಕೋದಲ್ಲಿ ಹುಟ್ಟಿದ ಮಗನಿಗೆ ಹಿಂದಿ, ಕೊಂಕಣಿ ಬರುತ್ತದೆ. ಊರಿಂದ ಬಂದ ತಾಯಿಗೆ ಬರುವುದು ಬಾಗಲಕೋಟೆಯ ಕನ್ನಡ ಒಂದೇ. ದಿನಾ ಗುಳಿಗೆ ಕೊಡುವವಳು ಆಕೆಯೇ. ಸಹಿ ಹಾಕುವ ತಂದೆಗೆ ಮಾತ್ರ ವಿವರಿಸಿ ಮುಗಿಸಿದರೆ ಆ ಒಪ್ಪಿಗೆ ಅರ್ಧ. ನಾನು ತಾಯಿಯನ್ನೇ ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ: "ನಾ ಹೇಳಿದ್ದು ನಿಮಗೇನ್ ತಿಳೀತು, ಒಂದ್ಸಲ ಹೇಳ್ರಿ ಯವ್ವಾ." ಆಕೆ ತನ್ನ ಮಾತಿನಲ್ಲಿ ಹೇಳಿದಾಗ ಎಲ್ಲಿ ತಪ್ಪಿತು ಎಂಬುದು ಕೂಡಲೇ ತಿಳಿಯುತ್ತದೆ. ಮೂರು ಸಂಗತಿಗಳು ಮನಸ್ಸಿಗೆ ಇಳಿದಿರಲೇಬೇಕು. ಇದು ಪರೀಕ್ಷೆ, ಗುಣವಾಗುವ ಭರವಸೆಯಲ್ಲ. ಯಾವಾಗ ಬೇಕಾದರೂ ಬೇಡವೆನ್ನಬಹುದು. ಬೇಡವೆಂದರೂ ಈಗಿನ ಚಿಕಿತ್ಸೆ ನಿಲ್ಲುವುದಿಲ್ಲ.

8. ಒಬ್ಬರಲ್ಲಿ ಸಿಕ್ಕರೆ ಒಡಹುಟ್ಟಿದವರೆಲ್ಲರನ್ನೂ ನೋಡಬೇಕು

ಈ ಕಾಯಿಲೆಯ ಮಗುವಿನ ಅಣ್ಣ, ತಮ್ಮ, ಅಕ್ಕ, ತಂಗಿ ಪ್ರತಿಯೊಬ್ಬರಿಗೂ ಅದೇ ಕಾಯಿಲೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಆಡಿಕೊಂಡು, ಓಡಿಕೊಂಡು ಇರುವ ಮಗುವಿನ ಯಕೃತ್ತಿನಲ್ಲಿ ತಾಮ್ರ ಸದ್ದಿಲ್ಲದೆ ಕೂಡುತ್ತಿರಬಹುದು. ಲಕ್ಷಣ ಬರುವ ಮೊದಲೇ ಔಷಧ ಶುರುವಾದರೆ ಕಾಯಿಲೆ ಮೇಲೆ ಏಳುವುದೇ ಇಲ್ಲ. ಈ ರೋಗದ ಔಷಧಗಳ ಅತಿ ದೊಡ್ಡ ಗೆಲುವು ಇದು.

ಇದನ್ನು ಮನೆಯವರಿಗೆ ಒಪ್ಪಿಸುವುದು ಕಷ್ಟ. ಒಂದು ಮಗುವಿನ ಖರ್ಚಿಗೇ ಸೋತ ತಂದೆ, ಚೆನ್ನಾಗಿರುವ ಮಗಳನ್ನೂ ಆಸ್ಪತ್ರೆಗೆ ಕರೆತರಬೇಕೆಂದರೆ ತಡೆಯುತ್ತಾನೆ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯ ಬೇರೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಮನೆಗಳಲ್ಲಿ ಈ ಮಾತು ಎರಡೂ ಕಡೆಯ ಬೀಗರಿಗೆ ತಟ್ಟುತ್ತದೆ. ತಪ್ಪು ಯಾರದೂ ಅಲ್ಲ. ಸುಮಾರು 90 ಜನರಲ್ಲಿ ಒಬ್ಬರು ಈ ಜೀನಿನ ಒಂದು ಕೆಟ್ಟ ಪ್ರತಿಯನ್ನು ಯಾವ ತೊಂದರೆಯೂ ಇಲ್ಲದೆ ಹೊತ್ತಿರುತ್ತಾರೆ. ಇದನ್ನು ತಂದೆ ತಾಯಿ ಇಬ್ಬರಿಗೂ ಒಟ್ಟಿಗೆ ಹೇಳಿ, ಸೊಸೆಯ ಮೇಲೆ ಹೊರೆ ಬೀಳದ ಹಾಗೆ ನೋಡಿಕೊಳ್ಳುವುದು ವೈದ್ಯನ ಕರ್ತವ್ಯ.

9. ಗುಳಿಗೆ ಹೊಟ್ಟೆಗೆ ಹೋದರಷ್ಟೇ ಪರೀಕ್ಷೆ

ಚೀಟಿಯಲ್ಲಿ ಬರೆದ ಔಷಧ ಮತ್ತು ನುಂಗಿದ ಔಷಧ ಎರಡೂ ಒಂದಲ್ಲ. ಪೆನಿಸಿಲಮೈನನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದಮೇಲೆ ತೆಗೆದುಕೊಳ್ಳಬೇಕು. ಸತುವನ್ನು ಅದರ ಜೊತೆ ಸೇರಿಸದೆ ಬೇರೆ ಹೊತ್ತಿನಲ್ಲಿ ನುಂಗಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಕಟ್ಟಡದ ಕೆಲಸಕ್ಕೆ ಹೋಗುವ ಹುಡುಗನಿಗೆ ಈ ವೇಳಾಪಟ್ಟಿ ಕೂಡಿಬರುವುದಿಲ್ಲ. ಅವನ ಡಬ್ಬಿ ಕಟ್ಟುವ ಹೊತ್ತು, ಬಸ್ ಹತ್ತುವ ಹೊತ್ತು ಕೇಳಿಕೊಂಡು ಅದಕ್ಕೆ ತಕ್ಕಂತೆ ಹೊಂದಿಸಿಕೊಡಬೇಕು.

ಗುಳಿಗೆ ತಪ್ಪುವ ಕಾಲಗಳು ಗೊತ್ತಿರುವಂಥವೇ. ಜಾತ್ರೆಗೋ ಯುಗಾದಿಗೋ ಊರಿಗೆ ಹೋದಾಗ ತಪ್ಪುತ್ತದೆ. ಅಲ್ಲಿಯ ಅಂಗಡಿಯಲ್ಲಿ ಈ ಔಷಧ ಸಿಗುವುದಿಲ್ಲ, ಆದ್ದರಿಂದ ಹೊರಡುವ ಮೊದಲೇ ಹೆಚ್ಚಿಗೆ ಕೊಟ್ಟು ಕಳಿಸಬೇಕು. ಆರಾಮಾಗಿದೆ ಅನಿಸಿದಾಗ ತಪ್ಪುತ್ತದೆ. ಹುಡುಗಿ ಮದುವೆಯಾಗಿ ಗಂಡನ ಮನೆಗೆ ಹೋದಾಗ, ಯಾರಿಗೂ ತಿಳಿಯಬಾರದೆಂದು ಡಬ್ಬಿ ಮುಚ್ಚಿಟ್ಟಾಗ ತಪ್ಪುತ್ತದೆ. ಗರ್ಭ ನಿಂತಾಗ ಹೆದರಿ ಬಿಡುವವರಿದ್ದಾರೆ. ಆಗ ಪ್ರಮಾಣ ಬದಲಾಗಬಹುದು, ಚಿಕಿತ್ಸೆ ನಿಲ್ಲುವಂತಿಲ್ಲ. "ಎಷ್ಟ್ ದಿನಾ ನುಂಗಬೇಕ್ರಿ ಈ ಗುಳಿಗಿ?" ಎಂದು ಕೇಳಿದರೆ "ಜೀವ ಇರೂತನಕ" ಎಂದು ಮೊದಲ ದಿನವೇ ಹೇಳುತ್ತೇನೆ.

ಊಟದ ಮಾತೂ ಇಲ್ಲಿಯೇ ಬರುತ್ತದೆ. ಗೋವಾದ ಜನ ಇಷ್ಟಪಟ್ಟು ತಿನ್ನುವ ಗೋಡಂಬಿ, ತಿಸ್ರ್ಯೊದಂಥ ಚಿಪ್ಪಿನ ಜೀವಿಗಳು, ಮಳೆಗಾಲದ ಅಣಬೆ ಇವುಗಳಲ್ಲಿ ತಾಮ್ರ ಹೆಚ್ಚು. ಮೊದಲ ವರ್ಷವಂತೂ ಇವನ್ನು ದೂರ ಇಡಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ತಾಮ್ರದ ಹಂಡೆ, ತಂಬಿಗೆಗಳಲ್ಲಿ ನೀರು ತುಂಬಿಡುವ ರೂಢಿಯಿದೆ. ಈ ಕಾಯಿಲೆಯ ಮನೆಯಲ್ಲಿ ಕುಡಿಯುವ ನೀರಿಗೆ ಅದು ಬೇಡ, ಸ್ಟೀಲಿನ ಪಾತ್ರೆ ಸಾಕು. ಆದರೆ ಎಷ್ಟೇ ಪಥ್ಯ ಮಾಡಿದರೂ ಅದು ಗುಳಿಗೆಗೆ ಬದಲಿಯಾಗದು. ಇವನ್ನೆಲ್ಲ ಬರೆದಿಡದೆ ಔಷಧ ಕೆಲಸ ಮಾಡಲಿಲ್ಲ ಎಂದು ತೀರ್ಪು ಕೊಡುವುದು ಔಷಧಕ್ಕೂ ರೋಗಿಗೂ ಮಾಡುವ ಅನ್ಯಾಯ.

10. ಪರೀಕ್ಷೆ ಮುಗಿದ ಮರುದಿನ ಔಷಧ ಕೊಡುವವರು ಯಾರು?

ಪರೀಕ್ಷೆ ನಡೆಯುವಾಗ ಗುಳಿಗೆ ಉಚಿತ, ರಕ್ತ ಪರೀಕ್ಷೆ ಉಚಿತ, ಓಡಾಟದ ಖರ್ಚೂ ಸಿಗುತ್ತದೆ. ಮುಗಿದ ಮೇಲೆ? ಹೊಸ ಔಷಧದಿಂದ ಒಬ್ಬ ಹುಡುಗಿ ಮತ್ತೆ ಬರೆಯಲು ಕಲಿತಿದ್ದರೆ, ಅದನ್ನು ಆಕೆಯ ಕೈಯಿಂದ ಕಿತ್ತುಕೊಳ್ಳುವಂತಾಗಬಾರದು. 2019ರ ನಿಯಮಗಳಲ್ಲಿ ಪರೀಕ್ಷೆಯ ನಂತರವೂ ಔಷಧ ಒದಗಿಸುವ ಬಗ್ಗೆ ಅವಕಾಶವಿದೆ. ಬೇರೆ ಚಿಕಿತ್ಸೆಯಿಲ್ಲದ ಕಡೆ ಹೊಸ ಔಷಧದಿಂದ ಲಾಭವಾಗಿದ್ದು, ವೈದ್ಯರು ಶಿಫಾರಸು ಮಾಡಿ, ನೈತಿಕ ಸಮಿತಿ ಒಪ್ಪಿದರೆ ಅದು ಉಚಿತವಾಗಿಯೇ ಸಿಗಬೇಕು. ಐದು ಲಕ್ಷಕ್ಕಿಂತ ಹೆಚ್ಚು ಜನರಿಗೆ ಬಾರದ ಕಾಯಿಲೆಯ ಔಷಧವನ್ನು ಅಪರೂಪದ ಕಾಯಿಲೆಯ ಔಷಧವೆಂದು ಅದೇ ನಿಯಮಗಳು ಗುರುತಿಸಿವೆ. ಸಹಿ ಹಾಕುವ ಮೊದಲೇ ಈ ಪ್ರಶ್ನೆ ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಬೇಕು. ಪರೀಕ್ಷೆಯ ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪಾಲ್ಗೊಂಡ ಮನೆಗಳಿಗೆ ಅವರ ಮಾತಿನಲ್ಲೇ ಅದನ್ನು ತಿಳಿಸಬೇಕು. ತಮ್ಮ ಮಗುವಿನ ದೇಹವನ್ನು ವಿಜ್ಞಾನಕ್ಕೆ ನಂಬಿ ಕೊಟ್ಟವರಿಗೆ ಆ ಹಕ್ಕಿದೆ.

ಕೊನೆಯದಾಗಿ ಓದುಗರಲ್ಲಿ ಎರಡು ಕೋರಿಕೆ. ಐದರಿಂದ ನಲವತ್ತರೊಳಗಿನ ಯಾರಿಗಾದರೂ ಕಾರಣ ತಿಳಿಯದ ನಡುಕ, ತೊದಲು, ಕೆಟ್ಟ ಅಕ್ಷರ, ಕೈಕಾಲು ಸೆಟೆತ, ಮತ್ತೆ ಮತ್ತೆ ಬರುವ ಕಾಮಾಲೆ ಇದ್ದರೆ ನರರೋಗ ಅಥವಾ ಯಕೃತ್ತಿನ ವೈದ್ಯರಿಗೆ ತೋರಿಸಿ. ಸ್ಲಿಟ್ ಲ್ಯಾಂಪ್‌ನಲ್ಲಿ ಕಣ್ಣು ಪರೀಕ್ಷೆ ಮತ್ತು ಸೆರುಲೋಪ್ಲಾಸ್ಮಿನ್ ಆಗಿದೆಯೇ ಎಂದು ಕೇಳಿ. ಈಗಾಗಲೇ ಈ ಕಾಯಿಲೆ ಎಂದು ಗೊತ್ತಾಗಿದ್ದರೆ, ಎಷ್ಟೇ ಆರಾಮಾಗಿದ್ದರೂ ಗುಳಿಗೆ ನಿಲ್ಲಿಸಬೇಡಿ, ಒಡಹುಟ್ಟಿದವರನ್ನು ತೋರಿಸದೆ ಬಿಡಬೇಡಿ.